ಟ್ಯಾಂಕಿನ ಕೆಳಗೆ ಹನ್ನೆರಡು ಮಿಲಿಮೀಟರ್

ಬೆಳಗ್ಗೆ ಆರೂವರೆ. ಕಾರವಾರದ ಟ್ಯಾಗೋರ್ ಕಡಲತೀರ. ರಾತ್ರಿಯಿಡೀ ಸುರಿದ ಮಳೆ ಈಗಷ್ಟೇ ನಿಂತಿದೆ. ಬಲೆ ಎಳೆಯುವವರು ಬಿಟ್ಟರೆ ದಡದಲ್ಲಿ ಯಾರೂ ಇಲ್ಲ.

ಇದು ಚಾಪೆಲ್. ನಮ್ಮೂರಿನ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. 1976ರಲ್ಲಿ ನೌಕಾಪಡೆಗೆ ಸೇರಿದ ಕ್ಷಿಪಣಿ ದೋಣಿ, 2005ರಲ್ಲಿ ಕೆಲಸ ಮುಗಿಸಿತು. ಆಮೇಲೆ ಈ ಮರಳಿನ ಮೇಲೆ ಬಂದು ಕೂತಿದೆ. ಅಲ್ಲೇ ನೌಕಾಪಡೆಯ ಟುಪೊಲೆವ್ ವಿಮಾನ. ಹತ್ತಿರದಲ್ಲೇ ರಾಮ ರಾಘೋಬಾ ರಾಣೆ ಅವರ ಪ್ರತಿಮೆ. ಹಡಗು, ವಿಮಾನ, ಸೈನಿಕ. ಸ್ಕೇಲ್ ಮಾಡೆಲ್, ಅಂದರೆ ಅಸಲಿನ ಅಳತೆಗೆ ತಕ್ಕ ಪುಟ್ಟ ಪ್ರತಿರೂಪ, ಕಟ್ಟುವವರಿಗೆ ಇನ್ನೇನು ಬೇಕು, ಅಲ್ವಾ? ಹೊಸ ಕಿಟ್‌ಗಳ ಪಟ್ಟಿ ಬಂದಾಗಲೆಲ್ಲ ನಾನು ಮೊದಲು ಹುಡುಕುವುದು ಈ ಮೂವರನ್ನೇ.

ಈಗ ಮನೆಗೆ ಬಂದೆ. ಇದು ನನ್ನ ಮೇಜು. ಬರಲಿರುವ ಕಿಟ್‌ಗಳ ಸುದ್ದಿಗೂ ಒಂದು ಪಂಚಾಂಗ ಇದೆ. ವರ್ಷದ ಶುರುವಿಗೆ ಜರ್ಮನಿಯ ನ್ಯೂರೆಂಬರ್ಗ್ ಆಟಿಕೆ ಮೇಳ. ಮೇ ತಿಂಗಳಲ್ಲಿ ಜಪಾನಿನ ಶಿಜುವೊಕಾ ಹಾಬಿ ಶೋ. ಕಿಟ್ ಮಾಡುವ ಟಾಮಿಯಾ ಕಂಪನಿಯ ಊರೇ ಅದು. ನವೆಂಬರಿನಲ್ಲಿ ಇಂಗ್ಲೆಂಡಿನ ಟೆಲ್ಫರ್ಡ್ ಊರಿನ ಮಾಡೆಲ್ ಮೇಳ. ಪ್ರತಿ ಸಲವೂ ಟೈಗರ್, ಪ್ಯಾಂಥರ್, ಶರ್ಮನ್ ಟ್ಯಾಂಕುಗಳು, ಸ್ಪಿಟ್‌ಫೈರ್ ವಿಮಾನ ಇದ್ದೇ ಇರುತ್ತವೆ.

ಹೊಸದಾಗಿ ಶುರು ಮಾಡಿದವರಿಗೆ ಒಂದು ಮಾತು. ಮೊದಲು ಬರುವುದು ಕಂಪ್ಯೂಟರಿನಲ್ಲಿ ಬರೆದ ಚಿತ್ರ. ಅದನ್ನು ನೋಡಿಯೇ ದುಡ್ಡು ಎತ್ತಿಡಬೇಡಿ. ಟೆಸ್ಟ್ ಶಾಟ್ ಬರುವ ತನಕ ಕಾಯಿರಿ. ಟೆಸ್ಟ್ ಶಾಟ್ ಅಂದರೆ ಉಕ್ಕಿನ ಅಚ್ಚು ಕೊರೆದು, ಅದರಿಂದ ನಿಜವಾಗಿ ತೆಗೆದ ಪ್ಲಾಸ್ಟಿಕ್. ಅಚ್ಚಿಗೇ ಅಷ್ಟು ದುಡ್ಡು ಸುರಿದ ಮೇಲೆ ಯಾವ ಕಂಪನಿಯೂ ಸುಲಭಕ್ಕೆ ಹಿಂದೆ ಸರಿಯುವುದಿಲ್ಲ. ಇನ್ನೊಂದು, ಹೊಸ ಡಬ್ಬದಲ್ಲಿ ಹಳೇ ಅಚ್ಚು ಬರುವುದು ತುಂಬಾ ಜಾಸ್ತಿ. ವಿಮಾನದ ಕಿಟ್ ಆದರೆ ರೆಕ್ಕೆಯ ಮೇಲಿನ ಗೆರೆ ನೋಡಿ. ಉಬ್ಬಿದ ಗೆರೆ ಇದ್ದರೆ ಅಚ್ಚು ಹೆಚ್ಚಾಗಿ ಹಳೆಯದು. ಗೆರೆ ಕೊರೆದಂತೆ ಒಳಗೆ ಇಳಿದಿದ್ದರೆ ಈಚಿನದು.

ಚಾಪೆಲ್ ವಿಷಯಕ್ಕೆ ಬರೋಣ. ಇದು ರಷ್ಯಾದ ಓಸಾ ಜಾತಿಯ ದೋಣಿ. ಮೆರಿಟ್ ಕಂಪನಿ 1/72ರಲ್ಲಿ, ಅಂದರೆ ಅಸಲಿನ ಎಪ್ಪತ್ತೆರಡನೇ ಒಂದು ಅಳತೆಯಲ್ಲಿ, ಓಸಾ ಕಿಟ್ ತಂದಿದೆ, ಕಟ್ಟಿದರೆ ಅರ್ಧ ಮೀಟರಿಗಿಂತ ಉದ್ದ. ಆದರೆ ಓಸಾದಲ್ಲಿ ಎರಡು ಬಗೆ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ದಾಳಿ ಮಾಡಿದ ನಿಪಾತ್, ನಿರ್ಘಾತ್, ವೀರ್ ಮೊದಲನೇ ಬಗೆಯವು. ನಮ್ಮ ಚಾಪೆಲ್ ಎರಡನೇ ಬಗೆಯದು. ಗುರುತು ಹಿಡಿಯುವುದು ಸುಲಭ. ಕ್ಷಿಪಣಿ ಇಡುವ ಗೂಡು ಪೆಟ್ಟಿಗೆಯ ಹಾಗಿದ್ದರೆ ಕರಾಚಿ, ಪೀಪಾಯಿಯ ಹಾಗೆ ದುಂಡಗಿದ್ದರೆ ಕಾರವಾರ.

ಟುಪೊಲೆವ್ ನನಗೆ ಇನ್ನೂ ದೂರದ ಕನಸು. 1988ರಲ್ಲಿ ಈ ವಿಮಾನಗಳು ಮೊದಲು ಬಂದಿಳಿದದ್ದು ಪಕ್ಕದ ಗೋವಾಕ್ಕೆ. 2017ರ ಮಾರ್ಚಿನಲ್ಲಿ ಅರಕ್ಕೋಣಂನಲ್ಲಿ ನಿವೃತ್ತಿ. ಅಲ್ಲಿಂದ ಬಿಡಿ ಭಾಗ ಮಾಡಿ ರಸ್ತೆಯಲ್ಲಿ ತಂದು ಇಲ್ಲಿ ಮತ್ತೆ ಜೋಡಿಸಿದರು. ಇಡೀ ವಿಮಾನವೇ ಒಂದು ಕಿಟ್ ಆಗಿ ಊರಿಗೆ ಬಂದ ಹಾಗೆ! ರೆಕ್ಕೆ ತುದಿಯಿಂದ ತುದಿಗೆ 50 ಮೀಟರ್. 1/72ರಲ್ಲೂ ಹತ್ತಿರ ಹತ್ತಿರ 70 ಸೆಂಟಿಮೀಟರ್. ಎಂಜಿನ್ ನಾಲ್ಕು, ಒಂದೊಂದಕ್ಕೂ ಹಿಂದೆ ಮುಂದೆ ಎರಡು ಪ್ರೊಪೆಲರ್, ಒಟ್ಟು 32 ಅಲಗು. ಈ ಟುಪೊಲೆವ್‌ನ ಹೆಸರು ಟಿಯು-142. ಟ್ರಂಪೀಟರ್ ಕಂಪನಿಯ ಟಿಯು-142 ಕಿಟ್ ಇದೆ, ಆದರೆ ಅದು ಜಲಾಂತರ್ಗಾಮಿಗಳಿಗೆ ಸಂದೇಶ ಕಳಿಸುವ ಮಾದರಿ. ನಮ್ಮದು ಜಲಾಂತರ್ಗಾಮಿಗಳನ್ನು ಹುಡುಕುತ್ತಿದ್ದ ಮಾದರಿ. ಯಾರಾದರೂ ನಮ್ಮ ಮಾದರಿಯನ್ನೇ ಹೊಸ ಅಚ್ಚಿನಲ್ಲಿ ತಂದರೆ ಅವತ್ತೇ ಆರ್ಡರ್ ಮಾಡುತ್ತೇನೆ.

ಈಗ ರಾಣೆ ಅವರು. ನಿಜ ಹೇಳಬೇಕೆಂದರೆ ಈ ವಿಡಿಯೊ ಮಾಡಿದ್ದೇ ಅವರಿಗಾಗಿ.

ಕಾರವಾರದಿಂದ ಅಂಕೋಲಾ ಕಡೆ ಹೊರಟರೆ ಚೆಂಡಿಯಾ ಸಿಗುತ್ತದೆ. 1918ರಲ್ಲಿ ಅವರು ಹುಟ್ಟಿದ್ದು ಅಲ್ಲಿ. 1948ರ ಏಪ್ರಿಲ್‌ನಲ್ಲಿ ಅವರು ಸೇನೆಯ ಎಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್‌ನ ಸೆಕೆಂಡ್ ಲೆಫ್ಟಿನೆಂಟ್. ಜಮ್ಮು-ಕಾಶ್ಮೀರದ ನೌಶೇರಾದಿಂದ ರಜೌರಿಗೆ ಹೋಗುವ ರಸ್ತೆಯಲ್ಲಿ ನೆಲಬಾಂಬ್ ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಡಬೇಕಿತ್ತು. ಮಾರ್ಟರ್ ಗುಂಡು ಬಿದ್ದು ಅವರ ಇಬ್ಬರು ಜವಾನರು ಅಲ್ಲೇ ಹೋದರು. ರಾಣೆ ಅವರಿಗೂ ಗಾಯ. ಆದರೂ ಜಾಗ ಬಿಡಲಿಲ್ಲ. ಟ್ಯಾಂಕಿನ ಅಡಿಗೆ ನುಗ್ಗಿ, ಅದರ ಜೊತೆಗೇ ತೆವಳುತ್ತಾ, ಹಗ್ಗ ಎಳೆದು ಚಾಲಕನಿಗೆ ದಾರಿ ತೋರಿಸಿದರು. ಮುಂದೆ ಶತ್ರುಗಳು ಪೈನ್ ಮರಗಳನ್ನು ಅಡ್ಡ ಕೆಡವಿದ್ದರು. ಅವನ್ನೂ ಸ್ಫೋಟಿಸಿ ತೆಗೆದರು. ಪರಮವೀರ ಚಕ್ರ ಪಡೆದವರಲ್ಲಿ ಬದುಕಿದ್ದಾಗಲೇ ಅದನ್ನು ಪಡೆದ ಮೊದಲಿಗರು ಅವರು.

ಆ ಟ್ಯಾಂಕ್ ಸ್ಟುವರ್ಟ್. ಹಗುರ ಟ್ಯಾಂಕ್. 1/35ರಲ್ಲಿ ಟಾಮಿಯಾದ ಸ್ಟುವರ್ಟ್ ಸಿಗುತ್ತದೆ, ಅಂಗೈ ಮೇಲೆ ಕೂರುತ್ತದೆ. ರಾಣೆ ಅವರ ಗೊಂಬೆ ಮಾತ್ರ ನಾನು ನೋಡಿದ ಯಾವ ಪಟ್ಟಿಯಲ್ಲೂ ಬಂದಿಲ್ಲ. ಅದಕ್ಕೇ ಬ್ರಿಟಿಷ್ ಸೈನಿಕರ ಒಂದು ಸೆಟ್ ತಗೊಂಡೆ. ನಿಂತಿದ್ದವನ ಸೊಂಟ, ಮೊಣಕಾಲು ಗರಗಸದಲ್ಲಿ ಕೊಯ್ದು ಬಗ್ಗಿಸಿದೆ. ಸಂದಿಗೆ ಎಪಾಕ್ಸಿ ಪುಟ್ಟಿ ತುಂಬಿದೆ. ಬೆಳಗ್ಗೆ ಕಡಲತೀರದಲ್ಲಿ ಪ್ರತಿಮೆಯ ಫೋಟೊ ತೆಗೆದದ್ದು ಈ ಮುಖಕ್ಕೆ.

ಇಲ್ಲಿ ಕ್ಯಾಮೆರಾ ಹತ್ತಿರ ತರುತ್ತೇನೆ, ನೋಡಿ. ಸ್ಟುವರ್ಟ್‌ನ ಹೊಟ್ಟೆಗೂ ನೆಲಕ್ಕೂ ನಡುವೆ ಒಂದೂವರೆ ಅಡಿಯೂ ಇಲ್ಲ. ನನ್ನ ಅಳತೆಯಲ್ಲಿ ಸುಮಾರು 12 ಮಿಲಿಮೀಟರ್. ಮಲಗಿದ ಮನುಷ್ಯನ ಎದೆಗೇ 7 ಮಿಲಿಮೀಟರ್ ಹೋಗುತ್ತದೆ. ಮೊದಲ ಸಲ ಗೊಂಬೆ ಒಳಗೆ ಇಟ್ಟೆ. ತಲೆ ಟ್ಯಾಂಕಿಗೆ ತಾಗಿತು. ಕತ್ತು ಸ್ವಲ್ಪ ತಗ್ಗಿಸಿದೆ. ಮತ್ತೆ ತಾಗಿತು. ಮೂರನೇ ಸಲ ಕೆನ್ನೆ ಪೂರ್ತಿ ಮಣ್ಣಿಗೆ ಒರಗಿಸಿದ ಮೇಲೆ ಒಳಗೆ ಹೋಯಿತು. ಶಾಲೆಯಿಂದಲೂ ಈ ಕತೆ ಕೇಳಿದ್ದೇನೆ. ತಲೆ ಎತ್ತುವುದಕ್ಕೂ ಜಾಗ ಇರಲಿಲ್ಲ ಅನ್ನುವುದು ಗೊತ್ತಾದದ್ದು ಇವತ್ತು, ಈ ಮೇಜಿನ ಮೇಲೆ. ಚಿಮುಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ.

ಬಣ್ಣ ಈಗಲೇ ಇಲ್ಲ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಲ್ಯಾಕರ್ ಬಣ್ಣ ಹೊಡೆದರೆ ಗಾಳಿಯ ತೇವ ಹೀರಿ ಬಿಳಿ ಮಂಜು ಕಟ್ಟುತ್ತದೆ. ಹೋದ ವರ್ಷ ಒಂದು ಮಿಗ್ ಹಾಗೇ ಹಾಳಾಗಿತ್ತು. ಥಿನ್ನರಿಗೆ, ಒಣಗುವುದನ್ನು ನಿಧಾನ ಮಾಡುವ ರಿಟಾರ್ಡರ್ ಬೆರೆಸಿ ಮೇಲಿಂದ ತೆಳ್ಳಗೆ ಹೊಡೆದು ಸರಿಮಾಡಿದೆ. ಡೆಕಾಲ್‌ಗಳನ್ನು, ಅಂದರೆ ಮಾಡೆಲ್ ಮೇಲೆ ಅಂಟಿಸುವ ಗುರುತಿನ ಚಿತ್ರಗಳನ್ನು, ಸಿಲಿಕಾ ಜೆಲ್ ಹಾಕಿ ಗಾಳಿಯಾಡದ ಡಬ್ಬದಲ್ಲಿ ಇಟ್ಟಿದ್ದೇನೆ, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ಬಣ್ಣದ ಕೆಲಸ ಏನಿದ್ದರೂ ದಸರಾ ಕಳೆದ ಮೇಲೆ.

ಇವತ್ತು ಹಗ್ಗ ಮಾತ್ರ. ಬಟ್ಟೆ ಹೊಲಿಯುವ ದಾರಕ್ಕೆ ಜುಂಗು ಏಳುತ್ತದೆ, ಈ ಅಳತೆಯಲ್ಲಿ ಅದು ಹಗ್ಗದ ಹಾಗೆ ಕಾಣುವುದಿಲ್ಲ. ಅದಕ್ಕೇ ಬೈತಖೋಲ್ ಬಂದರಿಗೆ ಹೋಗಿ, ಬಲೆ ರಿಪೇರಿ ಮಾಡುತ್ತಿದ್ದ ಒಬ್ಬರ ಹತ್ತಿರ ತುಂಡು ನೂಲು ಕೇಳಿದೆ. ಯಾತಕ್ಕೆ ಅಂದರು. ಚೆಂಡಿಯಾದ ರಾಣೆ ಅವರ ಕೈಗೆ ಅಂದೆ. ಒಂದು ಮಾರು ಕೊಯ್ದು ಕೊಟ್ಟರು, ದುಡ್ಡು ಮುಟ್ಟಲಿಲ್ಲ. ಆ ನೂಲನ್ನು ಎಳೆ ಎಳೆಯಾಗಿ ಬಿಡಿಸಿ, ಎರಡೆಳೆ ಸೇರಿಸಿ ಹೊಸೆದಿದ್ದೇನೆ. ಒಂದು ತುದಿ ಚಾಲಕನ ಕಡೆಗೆ ಹೋಗುತ್ತದೆ. ಇನ್ನೊಂದು ತುದಿಯನ್ನು ಈಗ ಈ ಕೈಯೊಳಗೆ ತೂರಿಸುತ್ತಿದ್ದೇನೆ. ಉಸಿರು ಬಿಟ್ಟರೂ ಹಾರುತ್ತದೆ, ಅದಕ್ಕೇ ಒಂದು ನಿಮಿಷ ನಾನು ಮಾತಾಡುವುದಿಲ್ಲ.