ಬ್ಯಾಡಗಿ ಮೆಣಸಿನಕಾಯಿ ಹುಡುಕಾಕ ಹೋದ್ರ ಏನೂ ಸಿಗವಲ್ದು! ಲೈಬ್ರರಿ ವರ್ಕ್‌ಶಾಪಿಗೆ ಯಾಕ ಹೋಗ್ಬೇಕು ಅಂತ ಹೇಳ್ತೀನಿ ಬರ್ರಿ

[ಕ್ಯಾಮೆರಾ ಮುಂದ, ಟೇಬಲ್ ಮ್ಯಾಲೆ ಲ್ಯಾಪ್‌ಟಾಪ್]

ನಮಸ್ಕಾರ್ರೀ ಎಲ್ಲಾರಿಗೂ. ಧಾರವಾಡದಾಗ ಬೆಳಿಗ್ಗಿಂದ ಜಿಟಿಜಿಟಿ ಮಳಿ ಹತ್ತೈತಿ, ಹಿಂದ ಸೌಂಡ್ ಬಂದ್ರ ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ. ಇವತ್ತಿನ ವಿಷಯ ಏನಪಾ ಅಂದ್ರ, ನಿಮ್ಮ ಡಿಪಾರ್ಟ್‌ಮೆಂಟ್ ನೋಟಿಸ್ ಬೋರ್ಡಿನ್ಯಾಗ ಒಂದು ಹಾಳಿ ಅಂಟಿಸಿರ್ತಾರ ನೋಡ್ರಿ, ಲೈಬ್ರರಿ ವರ್ಕ್‌ಶಾಪ್, ಬೆಳಿಗ್ಗೆ 11ಕ್ಕ, ಭಾಗವಹಿಸಿದವರಿಗೆ ಸರ್ಟಿಫಿಕೇಟ್ ಕೊಡಲಾಗುವುದು ಅಂತ. ಅದನ್ನ ಓದಿ ಹಂಗ ಮುಂದ ಹೋಗಿಬಿಡ್ತೀರಿ. ಹೋದವರೂ ಸರ್ಟಿಫಿಕೇಟಿನ ಸಲುವಾಗಿ ಹೋಗಿ ಹಿಂದಿನ ಬೆಂಚಿನ್ಯಾಗ ಮೊಬೈಲ್ ಹಿಡ್ಕೊಂಡು ಕುಂತಿರ್ತಾರ. ನಾನು ಲೈಬ್ರರಿ ಸೈನ್ಸ್ ಓದಿದಾಂವ, ಇಂಥಾ ವರ್ಕ್‌ಶಾಪಿನ್ಯಾಗ ಹುಡುಗ್ರ ಬಾಜೂಕ ನಿಂತು ಕಂಪ್ಯೂಟರ್ ಮ್ಯಾಲೆ ತೋರಿಸೋ ಕೆಲಸ ಭಾಳ ಸಲ ಮಾಡೇನಿ, ಅದಕ್ಕ ಅಲ್ಲಿ ನಿಜವಾಗ್ಲೂ ಏನು ಸಿಗತೈತಿ ಅನ್ನೋದನ್ನ ಒಂದು ಉದಾಹರಣೆ ಹಿಡ್ಕೊಂಡು ಹೇಳ್ತೀನಿ.

ರಾಣೆಬೆನ್ನೂರ ಕಡೆಯಾಕಿ ಒಬ್ಬಾಕಿ ಹುಡುಗಿ, ಎಕನಾಮಿಕ್ಸ್ ಎಂಎ ಮಾಡಾಕತ್ತಿದ್ಲು. ಪ್ರಾಜೆಕ್ಟ್ ಟಾಪಿಕ್ ಹಾವೇರಿ ಜಿಲ್ಲಾದ ಬ್ಯಾಡಗಿ ಮೆಣಸಿನಕಾಯಿ ಬೆಳೆಗಾರರ ಆರ್ಥಿಕ ಸ್ಥಿತಿ, 1980ರಿಂದ ಇಲ್ಲಿತನಕ. ಭಾಳ ಚಲೋ ಟಾಪಿಕ್ ರೀ, ಅವರ ಮನಿಯಾಗೂ ಮೆಣಸಿನಕಾಯಿ ಬೆಳೀತಾರ. ಆಕಿ ಏನು ಮಾಡಿದ್ಲು ಅಂದ್ರ ಆ ಟೈಟಲ್ ಪೂರ್ತಿ, ಶುರುವಿಂದ ಕೊನಿತನಕ, ಗೂಗಲ್‌ನಾಗ ಟೈಪ್ ಮಾಡಿ ಎಂಟರ್ ಹೊಡದ್ಲು. ಏನು ಬಂತು? ಇವತ್ತಿನ ಮಾರ್ಕೆಟ್ ರೇಟ್, ಖಾರದಪುಡಿ ಮಾರೋ ವೆಬ್‌ಸೈಟ್, ಎರಡು ಅಡಗಿ ವಿಡಿಯೋ. "ಸರ್, ಏನೂ ಸಿಗವಲ್ದು, ಇದರ ಮ್ಯಾಲೆ ಯಾರೂ ಕೆಲಸಾನ ಮಾಡಿಲ್ಲ ಕಾಣ್ತೈತಿ" ಅಂದ್ಲು.

ಈ ಮಾತು, ಯಾರೂ ಕೆಲಸಾನ ಮಾಡಿಲ್ಲ ಅನ್ನೋದು, ನಾನು ಪ್ರತಿ ವರ್ಕ್‌ಶಾಪಿನ್ಯಾಗ ಕೇಳ್ತೀನಿ. ಬಹಳಷ್ಟು ಸಲ ಅದು ಖರೇ ಅಲ್ಲ. ಕೆಲಸ ಮಾಡಿರ್ತಾರ, ಆದ್ರ ನೀವು ಕರಿಯೋ ಹೆಸರಿನ್ಯಾಗ ಇಟ್ಟಿರೂದಿಲ್ಲ. ಹುಡುಕೋದು ಅಂದ್ರ ಪ್ರಶ್ನಿ ಟೈಪ್ ಮಾಡೋದಲ್ರಿ, ಇದನ್ನ ಬರದಾವ್ರು ಯಾವ ಹೆಸರಿಟ್ಟು ಬರದಿರಬೇಕು ಅಂತ ವಿಚಾರ ಮಾಡೋದು. ಇಷ್ಟ ನಾನು ಇವತ್ತ ಹೇಳಾಕ ಬಂದಿದ್ದು, ಉಳದಿದ್ದೆಲ್ಲಾ ಇದರ ಸುತ್ತಮುತ್ತ.

[ಸ್ಕ್ರೀನ್ ಮ್ಯಾಲೆ ಸರ್ಚ್ ಬಾಕ್ಸ್]

ಮೊದಲ ಊರಿನ ಹೆಸರ ತಗೋರಿ. ಇಂಗ್ಲಿಷಿನ್ಯಾಗ ಬ್ಯಾಡಗಿ ಅಂತ ಬರಿಯೋವಾಗ ಒಬ್ಬರು ಬಿ-ವೈ-ಎ-ಡಿ-ಜಿ-ಐ ಅಂತಾರ, ಇನ್ನೊಬ್ಬರು ನಡಬರಕ ಇನ್ನೊಂದು ಎ ಹಾಕಿ ಬಿ-ವೈ-ಎ-ಡಿ-ಎ-ಜಿ-ಐ ಅಂತಾರ, ಮಹಾರಾಷ್ಟ್ರದ ಕಡೆ ಅದು ಬೇಡಗಿ ಮಿರ್ಚಿ, ಬಿ-ಇ-ಡಿ-ಜಿ-ಐ. ಮೂರಕ್ಕೂ ಬ್ಯಾರೆ ಬ್ಯಾರೆ ರಿಸಲ್ಟ್. ಹಂಗಾರ ಮೂರೂ ಬರದು ನಡುವ ಆರ್ ಹಾಕ್ರಿ, ಓ-ಆರ್, ಎರಡೂ ಕ್ಯಾಪಿಟಲ್ ಇರಬೇಕು. ಎರಡು ಶಬ್ದ ಬಿಡದ ಜೋಡಿಯಾಗಿ ಬರಬೇಕಂದ್ರ ಉದ್ಧರಣ ಚಿಹ್ನೆ ಹಾಕ್ರಿ. ಅಡಗಿ ವಿಡಿಯೋ ಬ್ಯಾಡಂದ್ರ ರೆಸಿಪಿ ಅನ್ನೋ ಶಬ್ದದ ಮುಂದ ಮೈನಸ್ ಹಾಕ್ರಿ, ನಡುವ ಸ್ಪೇಸ್ ಬಿಡಬ್ಯಾಡ್ರಿ. ಈ ಅಂಡ್, ಆರ್, ನಾಟ್ ಅನ್ನೋ ಲೆಕ್ಕ ಗೂಗಲ್‌ನವ್ರು ಹುಟ್ಟಿಸಿದ್ದಲ್ಲ, ಜಾರ್ಜ್ ಬೂಲ್ ಅಂತ ಗಣಿತದ ಮಾಸ್ತರ್ 1854ರಾಗ ಬರದ ತರ್ಕದ್ದು, ಅದಕ್ಕ ಬೂಲಿಯನ್ ಸರ್ಚ್ ಅಂತಾರ.

ಇನ್ನ ಜಿಲ್ಲಾ. ಇಲ್ಲೇ ಆಕಿ ಪೂರ್ತಿ ಎಡವಿದ್ದು. ಹಾವೇರಿ ಜಿಲ್ಲಾ ಆಗಿದ್ದು ಯಾವಾಗ್ರೀ? 1997ರಾಗ. ಗದಗೂ ಆಗ ಆಗಿದ್ದು. ಅದಕ್ಕಿಂತ ಮೊದಲ ಎರಡೂ ಧಾರವಾಡ ಜಿಲ್ಲಾದಾಗ ಇದ್ವು. ಅಂದ್ಮ್ಯಾಲೆ 1980ರ ಅಂಕಿಸಂಖ್ಯೆ ನೀವು ಹಾವೇರಿ ಅಂತ ಹುಡುಕಿದ್ರ ಎಲ್ಲಿಂದ ಬರಬೇಕು? 1991ರ ಜನಗಣತಿಯಾಗ ಹಾವೇರಿ ಜಿಲ್ಲಾ ಅನ್ನೋದ ಇಲ್ಲ, ಧಾರವಾಡ ಜಿಲ್ಲಾ ತಗದು ಅದರಾಗ ಬ್ಯಾಡಗಿ ತಾಲೂಕು ನೋಡಬೇಕು. ಇನ್ನೂ ಹಿಂದ ಹೋದ್ರ ಬ್ರಿಟಿಷರು ಧಾರವಾಡಕ್ಕ ಕೊನಿಗೆ ಡಿ ಹಾಕೂದಿಲ್ಲ, ಆರ್ ಹಾಕ್ತಾರ, ಧಾರವಾರ್. 1884ರಾಗ ಬಂದ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್, ಅಂದ್ರ ಜಿಲ್ಲಾವಾರು ಸರ್ಕಾರಿ ಮಾಹಿತಿ ಪುಸ್ತಕ, ಅದರ 22ನೇ ಸಂಪುಟ ನಮ್ಮ ಜಿಲ್ಲಾದ್ದ, ಅದರ ಹೆಸರೂ ಧಾರವಾರ್. ಹುಬ್ಬಳ್ಳಿದೂ ಇದ ಕಥಿ, 2014ರ ನವೆಂಬರ್ 1ರತನಕ ಇಂಗ್ಲಿಷಿನ್ಯಾಗ ಅಧಿಕೃತವಾಗಿ ಹುಬ್ಳಿ ಅಂತ ಇತ್ತು. ನಿಮ್ಮ ಟಾಪಿಕ್ ನಮ್ಮ ಭಾಗದ್ದು ಆಗಿದ್ರ ಒಂದು ಹಾಳಿ ತಗೊಂಡು ಊರಿನ ಎಲ್ಲಾ ಹೆಸರು, ಎಲ್ಲಾ ಸ್ಪೆಲ್ಲಿಂಗು, ಯಾವ ವರ್ಷ ಯಾವ ಜಿಲ್ಲಾದಾಗ ಇತ್ತು ಅನ್ನೋದು ಬರಕೋರಿ, ಆಮ್ಯಾಲೆ ಕಂಪ್ಯೂಟರ್ ಮುಟ್ಟ್ರಿ.

ಆಮ್ಯಾಲೆ ನಾನು ಕೇಳಿದೆ, "ತಂಗಿ, ನಿಮ್ಮ ಮನಿಯಾಗ ಬರೇ ಮೆಣಸಿನಕಾಯಿ ಅಂತಾರೇನು, ಮತ್ತೇನರೆ ಹೆಸರೈತೇನು?" ಆಕಿ ಪಟ್ ಅಂತ ಹೇಳಿದ್ಲು, "ಡಬ್ಬಿ, ಕಡ್ಡಿ, ಎರಡು ಥರ ಐತ್ರಿ." ನೋಡ್ರಿ! ಯಾವ ಪ್ರೊಫೆಸರೂ ಹೇಳಿಕೊಡಲಾರದ ಸರ್ಚ್ ಶಬ್ದ ಆಕಿ ಬಾಯಾಗ ಇತ್ತು. ವಿಜ್ಞಾನದಾವ್ರು ಕ್ಯಾಪ್ಸಿಕಮ್ ಆನ್ಯುಮ್ ಅಂತ ಬರೀತಾರ, ಫುಡ್ ಟೆಕ್ನಾಲಜಿಯಾವ್ರು ಓಲಿಯೋರೆಸಿನ್, ಅಂದ್ರ ಕಾಯಿಂದ ತಗದ ಸಾರ, ಅಂತ ಬರೀತಾರ, ಯಾಕಂದ್ರ ಬ್ಯಾಡಗಿ ಕಾಯಿಗೆ ಖಾರ ಕಡಿಮಿ ಬಣ್ಣ ಜಾಸ್ತಿ, ಆ ಕೆಂಪು ಬಣ್ಣ ತಗದು ಮಾರೋದ ಒಂದು ಧಂಧೆ. 2011ರಾಗ ಇದಕ್ಕ ಜಿಐ ಟ್ಯಾಗ್, ಅಂದ್ರ ಇದು ಈ ಭಾಗದ್ದ ಅನ್ನೋ ಕಾನೂನಿನ ಗುರುತು, ಬಂತು, ಹಂಗಾಗಿ ಆ ಶಬ್ದ ಹಾಕಿದ್ರ ಕಾನೂನು, ಮಾರ್ಕೆಟಿಂಗ್ ಕಡೆದ ಲೇಖನ ಬ್ಯಾರೆ ಬರ್ತಾವು. ಒಂದ ಮೆಣಸಿನಕಾಯಿ, ನಾಕು ಡಿಪಾರ್ಟ್‌ಮೆಂಟು, ನಾಕು ಹೆಸರು.

ಇನ್ನ ಎಲ್ಲಿ ಹುಡುಕಬೇಕು. ಪಿಎಚ್‌ಡಿ ಥೀಸಿಸ್ ಅಂದ್ರ ಎಲ್ಲಾರೂ ಶೋಧಗಂಗಾ ಅಂತಾರ, ಖರೇ, ಗುಜರಾತಿನ ಗಾಂಧಿನಗರದಾಗಿರೋ ಇನ್‌ಫ್ಲಿಬ್‌ನೆಟ್, ಅಂದ್ರ ಯೂನಿವರ್ಸಿಟಿ ಲೈಬ್ರರಿಗಳನ್ನ ಜೋಡಿಸೋ ಸಂಸ್ಥೆಯವ್ರು, ನಡಸ್ತಾರ, ದೇಶದ ಲಕ್ಷಗಟ್ಟಲೆ ಥೀಸಿಸ್ ಅದಾವು, ರೊಕ್ಕ ಕೊಡಂಗಿಲ್ಲ. ಆದ್ರ ಕೃಷಿ ಯೂನಿವರ್ಸಿಟಿ ಥೀಸಿಸ್ ಬೇಕಂದ್ರ ಕೃಷಿಕೋಶ ಅಂತ ಬ್ಯಾರೆನ ಭಂಡಾರ ಐತಿ, ಅದನ್ನ ನೋಡಬೇಕು. ಮೆಣಸಿನಕಾಯಿ ಮ್ಯಾಲೆ ಕೆಲಸ ಮಾಡೋರು ಮೊದಲ ಯಾರ್ರೀ? ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ. ಕರ್ನಾಟಕ ಯೂನಿವರ್ಸಿಟಿಯಾಗ ಕುಂತ ಎಕನಾಮಿಕ್ಸ್ ಹುಡುಗಿಗೆ ಅದ ಊರಾಗಿನ ಇನ್ನೊಂದು ಯೂನಿವರ್ಸಿಟಿಯಾಗ ತನ್ನ ವಿಷಯ ಐತಿ ಅಂತ ಹೇಳೋರ ಇದ್ದಿಲ್ಲ. ಲೈಬ್ರರಿ ವರ್ಕ್‌ಶಾಪ್ ಇರೋದ ಇದಕ್ಕ.

ಕನ್ನಡದಾಗ ಹುಡುಕೋರಿಗೆ ಒಂದು ಮಾತು, ಇದನ್ನ ಯಾರೂ ಹೇಳೂದಿಲ್ಲ, ಲಕ್ಷ್ಯ ಕೊಟ್ಟು ಕೇಳ್ರಿ. ನುಡಿ, ಬರಹ ಅನ್ನೋ ಹಳೆ ಫಾಂಟಿನ್ಯಾಗ ಯೂನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಒಂದ ಥರ ತಿಳಿಯೋ ಅಕ್ಷರ ಪದ್ಧತಿ) ಇಲ್ಲದಂಗ ಟೈಪ್ ಮಾಡಿದ ಪಿಡಿಎಫ್ ನೋಡಾಕ ಕನ್ನಡ ಕಾಣ್ತೈತಿ, ಆದ್ರ ಒಳಗ ಇರೋದು ಇಂಗ್ಲಿಷ್ ಅಕ್ಷರ, ಫಾಂಟ್ ಅದರ ಮ್ಯಾಲೆ ಕನ್ನಡದ ರೂಪ ಹೊದಿಸಿರ್ತೈತಿ ಅಷ್ಟ. ನೀವು ಯೂನಿಕೋಡ್ ಕನ್ನಡದಾಗ ಮೆಣಸಿನಕಾಯಿ ಅಂತ ಹಾಕಿದ್ರ ಅದು ಆ ಫೈಲಿನ್ಯಾಗಿನ ಮೆಣಸಿನಕಾಯಿಗೆ ಹೊಂದೂದ ಇಲ್ಲ. ಸ್ಕ್ಯಾನ್ ಮಾಡಿದ ಪುಸ್ತಕದಾಗ ಅಕ್ಷರಾನೂ ಇರೂದಿಲ್ಲ, ಬರೇ ಫೋಟೋ. ಅದಕ್ಕ ಕನ್ನಡ ಥೀಸಿಸ್ ಹುಡುಕೋವಾಗ ಟೈಟಲ್ ಕನ್ನಡದಾಗ ಒಮ್ಮೆ, ಇಂಗ್ಲಿಷ್ ಅಕ್ಷರದಾಗ ಕನ್ನಡ ಬರದು ಒಮ್ಮೆ, ಗೈಡ್ ಹೆಸರಿಂದ ಒಮ್ಮೆ ಹುಡುಕ್ರಿ. ಮತ್ತ ನೀವು ನಿಮ್ಮ ಥೀಸಿಸ್ ಬರಿಯೋವಾಗ ದಯವಿಟ್ಟು ಯೂನಿಕೋಡ್‌ನಾಗ ಬರೀರಿ, ನಿಮ್ಮ ನಾಕು ವರ್ಷದ ಮೈಮುರಿ ಕೆಲಸ ಮುಂದಿನವ್ರ ಕೈಗೆ ಸಿಗಲಿ.

[ಶೆಲ್ಫ್ ಮುಂದ ನಿಂತು]

ಪುಸ್ತಕದ ಬೆನ್ನಿನ ಮ್ಯಾಲೆ ಒಂದು ನಂಬರ್ ಇರ್ತೈತಿ ನೋಡ್ರಿ. ವಿಷಯದ ಪ್ರಕಾರ ಪುಸ್ತಕಕ್ಕ ನಂಬರ್ ಕೊಡೋ ಡ್ಯೂಯಿ ದಶಮಾಂಶ ಪದ್ಧತಿ ಇಟ್ಕೊಂಡ ಲೈಬ್ರರಿಯಾಗ 494.814 ಅಂದ್ರ ಕನ್ನಡ ಭಾಷಾ, 894.814 ಅಂದ್ರ ಕನ್ನಡ ಸಾಹಿತ್ಯ, 954.87 ಅಂದ್ರ ಕರ್ನಾಟಕದ ಇತಿಹಾಸ. ಈ ನಂಬರ್ ಗೊತ್ತಾದ್ರ ಏನು ಲಾಭ ಅಂದ್ರ, ಕ್ಯಾಟಲಾಗಿನ್ಯಾಗ ಒಂದು ಪುಸ್ತಕ ಸಿಕ್ಕಿತು ಅಂತ ಶೆಲ್ಫಿಗೆ ಹೋಗ್ತೀರಿ, ಅದರ ಎಡಕ್ಕ ನಾಕು ಬಲಕ್ಕ ನಾಕು ಪುಸ್ತಕ ನೋಡ್ರಿ, ನೀವು ಹೆಸರ ಕೇಳಲಾರದ ಪುಸ್ತಕ ಅಲ್ಲಿ ನಿಮ್ಮ ದಾರಿ ಕಾಯ್ತಿರ್ತಾವು. ಗ್ರಂಥಾಲಯ ವಿಜ್ಞಾನದ ಎಸ್. ಆರ್. ರಂಗನಾಥನ್ ಅವ್ರು 1931ರಾಗ ಗ್ರಂಥಾಲಯಕ್ಕ ಐದು ಸೂತ್ರ ಬರದ್ರು, ನಾಕನೇದ್ದು ಓದುಗರ ಸಮಯ ಉಳಿಸು ಅಂತ. ಶೆಲ್ಫಿನ ಈ ಜೋಡಣಿ ನೋಡಿದಾಗೆಲ್ಲಾ ನನಗ ಅದು ನೆನಪಾಗ್ತೈತಿ.

ಜರ್ನಲ್ ಲೇಖನಕ್ಕ ರೊಕ್ಕ ಕೇಳ್ತೈತ್ರಿ ಅಂತ ಹುಡುಗ್ರು ಅಂತಾರ. 2025ರ ಜನವರಿಯಿಂದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಶನ್, ಅಂದ್ರ ಜರ್ನಲ್ ಓದಾಕ ಕೇಂದ್ರ ಸರ್ಕಾರನ ರೊಕ್ಕ ಕಟ್ಟೋ ಯೋಜನೆ, ಶುರುವಾಗೈತಿ, ಮೂರು ವರ್ಷಕ್ಕ 6,000 ಕೋಟಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್, ಸರ್ಕಾರಿ ಯೂನಿವರ್ಸಿಟಿ ಕಾಲೇಜಿನವ್ರಿಗೆ. ನೀವು ಓದೋದು ಸರ್ಕಾರಿ ಸಂಸ್ಥೆ ಆಗಿದ್ರ ನಿಮ್ಮ ಲೈಬ್ರರಿಗೆ ಹೋಗಿ ಲಾಗಿನ್ ಹೆಂಗ ಅಂತ ಕೇಳ್ರಿ. ನಿಮ್ಮ ಪಾಲಿಗೆ ದೇಶ ರೊಕ್ಕ ಕಟ್ಟೈತಿ, ನೀವು ಇಪ್ಪತ್ತು ಡಾಲರ್ ಮೂವತ್ತು ಡಾಲರ್ ಅಂತ ನೋಡಿ ಹೆದರಿ ಬಂದ್ ಮಾಡ್ತೀರಿ.

ಇನ್ನ ನಂಬೋದು ಹೆಂಗ. ಇತ್ತೀಚೆಗೆ ಎಐ ಚಾಟ್‌ಬಾಟ್‌ಗೆ ಕೇಳಿ ರೆಫರೆನ್ಸ್ ಪಟ್ಟಿ ತರ್ತಾರ. ಒಬ್ಬ ಹುಡುಗ ಹತ್ತು ರೆಫರೆನ್ಸ್ ತಂದಿದ್ದ, ನೋಡಾಕ ಎಷ್ಟ ಚಂದ, ಲೇಖಕರ ಹೆಸರು, ವರ್ಷ, ಪುಟ ಸಂಖ್ಯೆ ಎಲ್ಲಾ ಐತಿ. ಕೂಡೆ ಕುಂತು ಒಂದೊಂದಾಗಿ ಹುಡುಕಿದ್ವಿ. ಜರ್ನಲ್ ಐತಿ, ಆ ವರ್ಷದ ಸಂಚಿಕೆ ಐತಿ, ಆ ಪುಟದಾಗ ಬ್ಯಾರೆ ಯಾರದೋ ಲೇಖನ ಐತಿ. ಮತ್ತೊಂದು ಅಸಲಿಗೆ ಇಲ್ಲ. ಹತ್ತರಾಗ ಏಳು ಹಂಗ. ಆ ಹುಡುಗನ ಮುಖ ನೋಡಾಕ ಆಗ್ಲಿಲ್ಲ ನನಗ, ಮರುದಿನ ಪ್ರೆಸೆಂಟೇಶನ್ ಇತ್ತು ಅವಂದು. ಚೆಕ್ ಮಾಡೋದು ಕಷ್ಟ ಏನಲ್ರಿ, ಈಗಿನ ಲೇಖನಕ್ಕ ಸಾಮಾನ್ಯವಾಗಿ ಡಿಒಐ ಅಂತ ಒಂದು ನಂಬರ್ ಇರ್ತೈತಿ, 10 ಅಂತ ಶುರುವಾಗ್ತೈತಿ, ಅದನ್ನ ಡಿಒಐ ಸೈಟಿನ್ಯಾಗ ಹಾಕಿದ್ರ ನೆಟ್ಟಗ ಆ ಲೇಖನದ ಪುಟಕ್ಕ ಹೋಗಬೇಕು. ಹೋಗ್ಲಿಲ್ಲ ಅಂದ್ರ, ಇಲ್ಲಾ ಬ್ಯಾರೆ ಲೇಖನಕ್ಕ ಹೋತು ಅಂದ್ರ, ಅಲ್ಲೇ ನಿಲ್ಲ್ರಿ. ಲೇಖನ ನಿಮ್ಮ ಕಣ್ಣಿಲೆ ಓದಲಾರದ ರೆಫರೆನ್ಸ್ ಹಾಕಬ್ಯಾಡ್ರಿ.

ಜರ್ನಲ್ ವಿಷಯದಾಗ ನಾನೂ ಮೋಸ ಹೋಗೇನಿ. ಓದೋವಾಗ ಮೂರು ದಿನದಾಗ ಪಬ್ಲಿಷ್ ಮಾಡ್ತೀವಿ ಅಂತ ಒಂದು ಮೇಲ್ ಬಂತು, ಮನಿಯಿಂದ ಬಂದ ಮೆಸ್ ರೊಕ್ಕದಾಗ 1,500 ಕಟ್ಟಿದೆ, ಪೇಪರ್ ಬಂತು, ಒಂದು ಅಕ್ಷರಾನೂ ಯಾರೂ ತಿದ್ದಿದ್ದಿಲ್ಲ, ಟೈಟಲ್‌ನಾಗಿನ ಸ್ಪೆಲ್ಲಿಂಗ್ ಮಿಸ್ಟೇಕ್ ಸುದ್ದಾ ಹಂಗ ಇತ್ತು, ವರ್ಷದಾಗ ಆ ಸೈಟ ಇಲ್ಲ. ಆವಾಗ ಕೇಳಾಕ ಯಾರೂ ಇದ್ದಿಲ್ಲ. ಮೊದಲ ಯುಜಿಸಿ ಕೇರ್ ಲಿಸ್ಟ್, ಅಂದ್ರ ಯೂನಿವರ್ಸಿಟಿಗಳಿಗೆ ನಿಯಮ ಮಾಡೋ ಆಯೋಗ ಒಪ್ಪಿದ ಜರ್ನಲ್‌ಗಳ ಪಟ್ಟಿ, ನೋಡ್ರಿ ಅಂತಿದ್ವಿ, 2025ರ ಫೆಬ್ರುವರಿಯಾಗ ಅದನ್ನೂ ನಿಲ್ಲಿಸಿದ್ದಾರ ಅಂತ ತಿಳಿಸಿದ್ರು, ಹಂಗಾಗಿ ಜರ್ನಲ್ ತೂಗಿ ನೋಡೋ ಜವಾಬ್ದಾರಿ ಈಗ ಯೂನಿವರ್ಸಿಟಿ ಮ್ಯಾಲೆ, ನಿಮ್ಮ ಮ್ಯಾಲೆ ಬಂದೈತಿ. ಸಂಪಾದಕರು ಯಾರು, ಅವರ ಕಾಲೇಜ್ ಪುಟದಾಗ ಈ ಜರ್ನಲ್ ಹೆಸರು ಐತೇನು, ಹಳೆ ಸಂಚಿಕೆ ಓದಾಕ ಸಿಗ್ತಾವೇನು, ಇಷ್ಟರೆ ನೋಡ್ರಿ.

ಪ್ಲೇಜರಿಸಂ, ಅಂದ್ರ ಬ್ಯಾರೆಯವ್ರು ಬರದಿದ್ದನ್ನ ತನ್ನದು ಅಂತ ಹಾಕೋದು, ಅದರ ಬಗ್ಗೆ ಒಂದ ಗೊಂದಲ ಬಿಡಿಸ್ತೀನಿ. ಯುಜಿಸಿ 2018ರ ನಿಯಮದಾಗ ಥೀಸಿಸ್‌ಗೆ 10 ಪರ್ಸೆಂಟ್‌ತನಕ ಹೋಲಿಕೆಗೆ ದಂಡ ಇಲ್ಲ, 10ರಿಂದ 40 ಇದ್ರ ಆರು ತಿಂಗಳೊಳಗ ತಿದ್ದಿ ಕೊಡಬೇಕು, 40ರಿಂದ 60 ಇದ್ರ ಒಂದು ವರ್ಷ ಸಲ್ಲಿಸಂಗಿಲ್ಲ, 60 ದಾಟಿದ್ರ ರಿಜಿಸ್ಟ್ರೇಶನ್ ಹೋಗ್ತೈತಿ. ಹಂಗಂತ 10 ಪರ್ಸೆಂಟ್ ಕದಿಬಹುದು ಅಂತಲ್ರಿ! ಒಂದ ಪ್ಯಾರಾ ಯಾರದೋ ಎತ್ತಿ ಹೆಸರು ಹಾಕಲಾರದ ಇಟ್ರೂ ಅದು ಕಳ್ಳತನಾನ. ಎರಡು ಶಬ್ದ ಬದಲಿ ಮಾಡಿದ್ರ ನಿಮ್ಮದು ಆಗೂದಿಲ್ಲ. ಪುಸ್ತಕ ಮುಚ್ಚಿ, ಗೆಳ್ಯಾಗ ಹೇಳಿದಂಗ ನಿಮ್ಮ ಮಾತಿನ್ಯಾಗ ಬರದು, ಆಮ್ಯಾಲೆ ತಗದು ತಾಳೆ ನೋಡ್ರಿ, ಕೆಳಗ ಅವರ ಹೆಸರು ಹಾಕ್ರಿ. ರೆಫರೆನ್ಸ್ ಜೋಡಿಸಾಕ ಜೊಟೆರೊ ಐತಿ, ಫ್ರೀ, ಶುರುವಿನ ದಿನಾನ ಹಾಕ್ಕೋರಿ.

ನನ್ನ ಒಂದ ಬೇಡಿಕಿ ಲೈಬ್ರರಿಯವ್ರಿಗೂ ಡಿಪಾರ್ಟ್‌ಮೆಂಟಿನವ್ರಿಗೂ ಐತಿ. ಈ ವರ್ಕ್‌ಶಾಪ್ ಮೊದಲನೇ ಸೆಮಿಸ್ಟರ್‌ನಾಗ ಇಡ್ರಿ, ಪ್ರಾಜೆಕ್ಟ್ ಅರ್ಧ ಮುಗದ ಮ್ಯಾಲೆ ಅಲ್ಲ. ಮತ್ತ ಕನ್ನಡದಾಗ ಮಾಡ್ರಿ. ಇಂಗ್ಲಿಷ್ ಸ್ಲೈಡ್ ಹಾಕಿ ನಲವತ್ತು ನಿಮಿಷ ಮಾತಾಡಿ ಎನಿ ಡೌಟ್ಸ್ ಅಂತ ಕೇಳಿದ್ರ ಹಳ್ಳಿಂದ ಕನ್ನಡ ಮೀಡಿಯಂ ಓದಿ ಬಂದ ಹುಡುಗ್ರು ಕೈ ಎತ್ತೂದಿಲ್ಲ, ಡೌಟ್ ಇಲ್ಲ ಅಂತಲ್ಲ, ಡೌಟ್ ಕೇಳಾಕ ಇಂಗ್ಲಿಷ್ ಬಾಯಿಗೆ ಬರೂದಿಲ್ಲ. ಬಾಜೂಕ ಕುಂತು ನಮ್ಮ ಮಾತಿನ್ಯಾಗ ಕೇಳಿದ್ರ ಡಬ್ಬಿ, ಕಡ್ಡಿ ಅಂತ ಹೊರಗ ಬರ್ತೈತಿ.

ಹುಡುಗ್ರ, ನೀವು ಹೋಗೋವಾಗ ಖಾಲಿ ಕೈಲೆ ಹೋಗಬ್ಯಾಡ್ರಿ, ನಿಮ್ಮ ಟಾಪಿಕ್ ಒಂದು ಹಾಳಿ ಮ್ಯಾಲೆ ಬರಕೊಂಡು ಹೋಗ್ರಿ, ಅದನ್ನ ಇಟ್ಕೊಂಡ ಹುಡುಕಿ ತೋರಿಸ್ರಿ ಅಂತ ಕೇಳ್ರಿ. ನಿಮ್ಮ ಕಾಲೇಜಿನ್ಯಾಗ ವರ್ಕ್‌ಶಾಪ ಇಲ್ಲಂದ್ರ ಹತ್ತು ಮಂದಿ ಕೂಡಿ ಕೌಂಟರಿಗೆ ಹೋಗಿ ಒಂದು ತಾಸು ಕೊಡ್ರಿ ಅಂತ ಕೇಳ್ರಿ, ಕೇಳಿದ್ರ ಒಲ್ಲೆ ಅನ್ನೋ ಲೈಬ್ರರಿಯನ್‌ನ ನಾನು ಇನ್ನೂ ನೋಡಿಲ್ಲ.

ಆ ರಾಣೆಬೆನ್ನೂರ ಹುಡುಗಿ ಅವತ್ತ ಸಂಜಿತನಕ ಎದ್ದಿಲ್ಲ. ಹೋಗೋವಾಗ ನೋಟ್‌ಬುಕ್ಕಿನ ಕೊನೆ ಹಾಳಿ ತೋರಿಸಿದ್ಲು, ಒಂದು ಕಡೆ ಬ್ಯಾಡಗಿಯ ಮೂರು ಸ್ಪೆಲ್ಲಿಂಗು, ಅದರ ಕೆಳಗ 1997 ಅಂತ ಬರದು ಸುತ್ತ ಗೆರಿ ಎಳದಿದ್ಲು, ಇನ್ನೊಂದು ಕಡೆ ನೋಡಬೇಕಾದ ಥೀಸಿಸ್ ಹನ್ನೊಂದು. "ಸರ್, ನಾಳೆ ಕೃಷಿ ಯೂನಿವರ್ಸಿಟಿ ಲೈಬ್ರರಿಗೆ ಹೋಗ್ತೀನಿ, ಅಲ್ಲಿ ಹೊರಗಿನವ್ರನ್ನ ಬಿಡ್ತಾರೇನ್ರೀ?" ಅಂದ್ಲು. ನಿಮ್ಮ ಲೈಬ್ರರಿಯಿಂದ ಒಂದು ಲೆಟರ್ ತಗೊಂಡು ಹೋಗವಾ, ಅಂದೆ.