ಸದ್ದಿಲ್ಲದೆ ಇಳಿಯುವ ಸಕ್ಕರೆ

ಕೇಳುಗರೆಲ್ಲರಿಗೂ ನಮಸ್ಕಾರ. ಸಕ್ಕರೆ ಕಾಯಿಲೆ ಎಂದೊಡನೆ ಸಕ್ಕರೆ ಏರುವುದೇ ನಮ್ಮ ನೆನಪಿಗೆ ಬರುತ್ತದೆ. ಆದರೆ ಇಂದು ನಾನು ಹೇಳಬೇಕೆಂದಿರುವುದು, ಅದು ಇಳಿದರೂ ಕೆಲವರಿಗೆ ಏಕೆ ತಿಳಿಯುವುದಿಲ್ಲ ಎಂಬುದನ್ನು.

ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದಾಗ ದೇಹವು ಅಡ್ರಿನಲಿನ್ ಎಂಬ ಹಾರ್ಮೋನನ್ನು ಸುರಿಸಿ ನಮ್ಮನ್ನು ಎಚ್ಚರಿಸುತ್ತದೆ: ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬೆವರು ಬರುತ್ತದೆ, ಹಸಿವು ಕೆರಳುತ್ತದೆ. ಸಕ್ಕರೆ ಮೇಲಿಂದ ಮೇಲೆ ಇಳಿಯುತ್ತಿದ್ದರೆ ಮಿದುಳು ಅದಕ್ಕೆ ಒಗ್ಗಿಹೋಗಿ, ಎಚ್ಚರಿಕೆ ತಡವಾಗುತ್ತ ಬಂದು, ಕೊನೆಗೆ ನಿಂತೇ ಹೋಗುತ್ತದೆ. ಆದ್ದರಿಂದ ದೇಹ ಹೇಳಲಿ ಎಂದು ಕಾಯಬೇಡಿ, ಬೆರಳು ಚುಚ್ಚಿ ನೋಡಿ.

ಸಿಂಧನೂರು ಕಡೆಯ ರೈತರೊಬ್ಬರು 20 ವರ್ಷಗಳಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾರೆ. ಏಪ್ರಿಲ್ ತಿಂಗಳ ಒಂದು ದಿನ, ಭತ್ತ ಕೊಯ್ಯುವ ಯಂತ್ರ ಬಂತೆಂದು, ಇನ್ಸುಲಿನ್ ಚುಚ್ಚಿಕೊಂಡವರು ಏನೂ ತಿನ್ನದೆ ಗದ್ದೆಗೆ ಹೋದರು. ಮಧ್ಯಾಹ್ನ ಮನೆಗೆ ಬಂದು ಊಟಕ್ಕೆ ಕುಳಿತಾಗ ಜೋಳದ ರೊಟ್ಟಿಯನ್ನು ಮುರಿದು, ಪಲ್ಯದ ಬದಲು ನೀರಿನ ಲೋಟಕ್ಕೆ ಅದ್ದಿದರು. ಪತ್ನಿ ಕೇಳಿದ್ದಕ್ಕೆ ರೇಗಿದರು. ಅಂಗಿ ಬೆನ್ನಿಗೆ ಅಂಟಿತ್ತು. ಈ ಬಿಸಿಲಿಗೆ ಬೆವರದೆ ಇರುತ್ತದೆಯೇ ಎಂದರು. ರಾಯಚೂರಿನಲ್ಲಿ ಆ ಮಾತನ್ನು ಯಾರೂ ಅಲ್ಲಗಳೆಯಲಾರರು! ಆ ತಾಯಿ ವಾದಕ್ಕಿಳಿಯದೆ ಬೆರಳು ಚುಚ್ಚಿ ನೋಡಿದರು: 41. ಸಕ್ಕರೆ ನೀರು ಕುಡಿಸಿದ ಕಾಲು ಗಂಟೆಗೆ ಇವರು ಲೋಟ ನೋಡಿ, "ಇದರಾಗ ರೊಟ್ಟಿ ಯಾರು ಹಾಕ್ಯಾರ?" ಎಂದು ಕೇಳಿದರಂತೆ.

ಅವರು ಸಕ್ಕರೆಯ ಅಂಕಿ ಬರೆದಿಡುವ ಪುಸ್ತಕದಲ್ಲಿ ನೋಡಿದರೆ 60ಕ್ಕಿಂತ ಕಡಿಮೆಯ ಅಂಕಿಗಳು ವಾರವಾರವೂ ಇದ್ದವು, ಅದೂ ಹೆಮ್ಮೆಯಿಂದ ಕೆಂಪು ಮಸಿಯಲ್ಲಿ ಬರೆದವು. ಸಕ್ಕರೆ ಇಳಿದಷ್ಟೂ ಒಳ್ಳೆಯದೆಂಬ ಈ ನಂಬಿಕೆಯನ್ನು ನಾನು ಎಷ್ಟು ಜನರಿಗೆ ತಿದ್ದಿದ್ದೇನೋ, ಲೆಕ್ಕವಿಲ್ಲ. ಇನ್ಸುಲಿನ್ ಪ್ರಮಾಣ ತಗ್ಗಿಸಿ, ಮೂರು ವಾರ ಸಕ್ಕರೆ ಇಳಿಯದಂತೆ ಕಾಯ್ದೆವು. ಮುಂದೊಂದು ದಿನ ಫೋನ್ ಬಂತು: "ಡಾಕ್ಟ್ರೇ, ಕೈ ನಡಗಾಕ ಹತ್ಯಾವ್ರಿ." ಅಳೆದರೆ 66. ಕಳೆದುಹೋಗಿದ್ದ ಎಚ್ಚರಿಕೆ ಮರಳಿತ್ತು.

ನನಗೆ ಕೊಟ್ಟ ಸಮಯವನ್ನೆಲ್ಲ ಈ ರೈತರೇ ತೆಗೆದುಕೊಂಡರು. ಉಳಿದದ್ದನ್ನು ಬೇಗ ಹೇಳುತ್ತೇನೆ. ಬಿಪಿಗೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳು ನಡುಕವನ್ನೂ ಎದೆಬಡಿತವನ್ನೂ ಮರೆಮಾಚುತ್ತವೆ, ಬೆವರನ್ನು ಮಾತ್ರ ಮರೆಮಾಚುವುದಿಲ್ಲ. ಆದ್ದರಿಂದ ಬಿಸಿಲನ್ನು ದೂರುವ ಮೊದಲು ಬೆರಳು ಚುಚ್ಚಿ ನೋಡಿ. ಕಡಿಮೆಯಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಿರಿ, 15 ನಿಮಿಷಕ್ಕೆ ಮತ್ತೆ ಅಳೆಯಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ. ನಮಸ್ಕಾರ.