ಫೋನ್ ಡೈರೆಕ್ಟರಿ ನೋಡಿ ಬರೆದ ಚಿತ್ರ

ಸ್ನೇಹಿತರೇ,

ದಾವಣಗೆರೆಯ ಕಲಾ ವಿದ್ಯಾರ್ಥಿಗಳ ಮುಂದೆ ಗಣಿತದ ಮಾತೆತ್ತಿದರೆ ಅರ್ಧ ಹಾಲ್ ಖಾಲಿಯಾಗುತ್ತೆ ಅಂತ ಕೆಲವರು ಹೆದರಿಸಿದ್ದರು. ಇನ್ನೂ ಯಾರೂ ಎದ್ದಿಲ್ಲ, ಸಂತೋಷ. ಇವತ್ತು ಒಂದೇ ಒಂದು ಚಿತ್ರದ ಬಗ್ಗೆ ಮಾತಾಡುತ್ತೇನೆ.

ಬರೆದವರು ಫ್ರಾನ್ಸಿನ ಶೋಲೆ ಪಟ್ಟಣದ ಫ್ರಾಂಸ್ವಾ ಮೊರೆಲೆ (1926–2016). ಮನೆತನದ ಕಾರ್ಖಾನೆ ನೋಡಿಕೊಳ್ಳುತ್ತಲೇ ಬಹಳ ವರ್ಷ ಚಿತ್ರ ಬರೆದವರು. ಚಿತ್ರ 1960ರದ್ದು. ಅದರ ಹೆಸರು ಕೇಳಿ: 'ಟೆಲಿಫೋನ್ ಡೈರೆಕ್ಟರಿಯ ಸಮ, ಬೆಸ ಅಂಕಿಗಳನ್ನು ಬಳಸಿ 40,000 ಚೌಕಗಳ ರ‍್ಯಾಂಡಮ್ ಹಂಚಿಕೆ, 50% ನೀಲಿ, 50% ಕೆಂಪು.' ಹೆಸರಲ್ಲೇ ಪೂರ್ತಿ ವಿಧಾನ ಇದೆ!

ಕ್ಯಾನ್ವಾಸ್ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ, ನಾಲ್ಕೂ ಕಡೆ ಸಮ. ಅಡ್ಡಕ್ಕೆ 200 ಮನೆ, ಉದ್ದಕ್ಕೆ 200 ಮನೆ. ಒಂದೊಂದು ಮನೆ ಸುಮಾರು ಐದು ಮಿಲಿಮೀಟರ್. ಹೆಂಡತಿಯೋ ಮಕ್ಕಳೋ ನಂಬರ್ ಓದಬೇಕು, ಇವರು ಸಮ ಬಂದರೆ ಮನೆಗೆ ಗುರುತು ಹಾಕಬೇಕು, ಬೆಸ ಬಂದರೆ ಖಾಲಿ ಬಿಡಬೇಕು. ಆಮೇಲೆ ಗುರುತಿದ್ದಲ್ಲಿ ನೀಲಿ, ಖಾಲಿ ಇದ್ದಲ್ಲಿ ಕೆಂಪು. ಓದಿದವರ ತಾಳ್ಮೆಗೂ ಒಂದು ಸಲಾಂ ಹೊಡೀಬೇಕು.

ನಮ್ಮ ಪಕ್ಕದ ಮೊಳಕಾಲ್ಮೂರು ಸೀರೆಯ ವಿನ್ಯಾಸವೂ ಹೀಗೇ ಮನೆ ಎಣಿಸುವ ಕೆಲಸ ಅಲ್ವಾ? ಆದರೆ ನವಿಲು ಎಲ್ಲಿ ಬರುತ್ತೆ ಅಂತ ನೇಕಾರರಿಗೆ ಮೊದಲೇ ಗೊತ್ತು. ಮೊರೆಲೆಗೆ ಗೊತ್ತಿಲ್ಲ. ಗೊತ್ತಾಗಲೇಬಾರದು ಅನ್ನೋದು ಅವರ ಹಟ.

ಸುಮ್ನೆ ಕೈಗೆ ಬಂದ ಹಾಗೆ ಬಣ್ಣ ತುಂಬಬಹುದಿತ್ತು, ಡೈರೆಕ್ಟರಿ ಯಾಕೆ ಬೇಕಿತ್ತು? ಇಲ್ಲೇ ಇರೋದು ಮಜಾ. ನಮ್ಮ ಕೈಗೆ ಲಾಟರಿ ಆಡೋಕೆ ಬರಲ್ಲ. ಮೂರು ಕೆಂಪು ಒಟ್ಟಿಗೆ ಬಂದ ಕೂಡಲೇ 'ಜಾಸ್ತಿ ಆಯ್ತು' ಅಂತ ನೀಲಿ ಹಾಕಿಬಿಡುತ್ತೇವೆ. ನಿಜವಾದ ರ‍್ಯಾಂಡಮ್ ಅಷ್ಟು ನಾಜೂಕಲ್ಲ. 200 ಮನೆಯ ಒಂದು ಸಾಲಿನಲ್ಲಿ ಒಂದೇ ಬಣ್ಣ ಸತತ ಆರು ಸಲ ಬರೋದು ಹೆಚ್ಚುಕಡಿಮೆ ಖಚಿತ. ಅದಕ್ಕೇ ಆ ಚಿತ್ರದಲ್ಲಿ ಗುಂಪುಗಳು, ಬಾಲಗಳು, ದ್ವೀಪಗಳು ಕಾಣುತ್ತವೆ. ಯಾರೂ ಅವನ್ನು ಬರೆದಿಲ್ಲ.

ಇನ್ನು ಆ 50% ಅನ್ನೋದು. ಹತ್ತು ಅಂಕಿಗಳಲ್ಲಿ ಐದು ಸಮ, ಐದು ಬೆಸ. 40,000 ಮನೆಯಲ್ಲಿ ಕೆಂಪಿನ ಲೆಕ್ಕ 20,000ದಿಂದ ಇನ್ನೂರು ಆಚೀಚೆ ಆಗಬಹುದು, ಅದು ಅರ್ಧ ಪರ್ಸೆಂಟ್ ಅಷ್ಟೇ. ಆದರೆ ನೂರು ಮನೆಯ ಒಂದು ಮೂಲೆ ನೋಡಿದರೆ ನಲವತ್ತೂ ಇರಬಹುದು, ಅರವತ್ತೂ ಇರಬಹುದು. ದೂರ ನಿಂತರೆ ಸಮಸಮ, ಹತ್ತಿರ ಹೋದರೆ ಗಲಾಟೆ.

ಹಾಗಂತ ಎಲ್ಲವನ್ನೂ ಡೈರೆಕ್ಟರಿ ತೀರ್ಮಾನಿಸಲಿಲ್ಲ. ಕೆಂಪು, ನೀಲಿ ಎರಡನ್ನೂ ಆರಿಸಿದ್ದು ಮೊರೆಲೆ. ಅಕ್ಕಪಕ್ಕ ಕೂತರೆ ಕಣ್ಣು ಕುಣಿಸೋ ಜೋಡಿ ಅದು. ಕಪ್ಪು, ಬೂದು ಹಾಕಿದ್ದರೆ ಚಿತ್ರ ಸಪ್ಪೆಯಾಗುತ್ತಿತ್ತು ಅಂತ ನನ್ನ ಅನಿಸಿಕೆ.

ಗ್ರಾಫ್ ಹಾಳೆ ಬಾಗಿಲ ಹತ್ತಿರ ಇಟ್ಟಿದ್ದೇವೆ. ಒಂದನ್ನು ಮನಸ್ಸಿಗೆ ಬಂದಂತೆ ತುಂಬಿ, ಇನ್ನೊಂದನ್ನು ನಿಮ್ಮ ಮೊಬೈಲಿನ ಕಾಂಟ್ಯಾಕ್ಟ್ ನಂಬರ್ ನೋಡಿ ತುಂಬಿ. ಮೊದಲ ಅಂಕಿಗಳನ್ನು ಬಿಟ್ಟುಬಿಡಿ, ಅವು ಮತ್ತೆ ಮತ್ತೆ ಅವೇ ಬರುತ್ತವೆ. ಮೊರೆಲೆಯೂ ಅವನ್ನು ಬಿಟ್ಟಿದ್ದರು.